ದಾರಿಯಕ್ಕ ಹೇಳದ ದಾರಿ

ನಮ್ಮ ರೇಡಿಯೊ ಕೇಂದ್ರದಲ್ಲಿ ಕುರ್ಚಿಗೆ ಕೆಲಸವನ್ನೇ ಕೊಡದ ಒಬ್ಬಳಿದ್ದಾಳೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಹದಿನೈದು ನಿಮಿಷಕ್ಕೊಮ್ಮೆ, ನಗರದ ಯಾವ ರಸ್ತೆಯಲ್ಲಿ ವಾಹನಗಳು ಸಿಕ್ಕಿಕೊಂಡಿವೆ, ಯಾವ ರಸ್ತೆ ಖಾಲಿ ಇದೆ ಎಂದು ಓದುವುದು ಅವಳ ಕೆಲಸ. ನಿಂತೇ ಓದುತ್ತಾಳೆ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಮೇಜಿನ ಕೆಳಗೆ ಎಲ್ಲೋ. ಎರಡು ಓದಿನ ನಡುವೆ ಸ್ಟುಡಿಯೊದ ಒಳಗೇ ಗೋಡೆಯಿಂದ ಗೋಡೆಗೆ ನಡೆಯುತ್ತಾಳೆ. ಗಾಜಿನ ಈಚೆ ಕೂತು ಧ್ವನಿ ನೋಡಿಕೊಳ್ಳುವವನು ನಾನು. ಹನ್ನೆರಡು ವರ್ಷ ಅವಳ ಚಡಪಡಿಕೆ ನೋಡಿ ನೋಡಿ ನನ್ನ ಕಾಲೂ ಮೇಜಿನ ಕೆಳಗೆ ತಾನಾಗಿ ಕುಣಿಯುತ್ತದೆ. ಮನೆಯಲ್ಲಿ ಹೆಂಡತಿ ಬೈಯುತ್ತಾಳೆ.

ಕೇಳುಗರು ಅವಳಿಗೆ ಇಟ್ಟ ಹೆಸರು ದಾರಿಯಕ್ಕ. ಹಾಗಂತ ಅವಳಿಗೆ ಸೈಕಲ್ಲು ಹೊಡೆಯಲೂ ಬರುವುದಿಲ್ಲ! ಬಸ್ಸಿನಲ್ಲಿ ಬರುತ್ತಾಳೆ, ಬಸ್ಸು ಸಿಗ್ನಲ್ಲಿನಲ್ಲಿ ನಿಂತರೆ ಇಳಿದು ನಡೆಯುತ್ತಾಳೆ, ಆಮೇಲೆ ಅದೇ ಬಸ್ಸು ಅವಳನ್ನು ದಾಟಿ ಹೋಗುತ್ತದೆ. ಎಷ್ಟು ಸಲ ಹೀಗಾದರೂ ಬುದ್ಧಿ ಬಂದಿಲ್ಲ. ಆದರೆ ನಗರದ ನಕ್ಷೆ ಅವಳಿಗೆ ಅಂಗೈ ಮೇಲಿದೆ. ಗ್ಯಾಸ್ ಸಿಲಿಂಡರು ಹಂಚುವವರು, ಹಾಲಿನ ವ್ಯಾನಿನವರು, ಬಸ್ ಡ್ರೈವರುಗಳು ಫೋನ್ ಮಾಡಿ ಹೇಳಿದ್ದನ್ನು ನಮ್ಮ ಟೆಲಿಫೋನ್ ಹುಡುಗಿ ಚೀಟಿಗಳಲ್ಲಿ ಬರೆದು ಒಳಗೆ ಕಳಿಸುತ್ತಾಳೆ. ಬೇರೆ ಓದುವವರು ಜಾಮ್ ಆದ ರಸ್ತೆಗಳನ್ನಷ್ಟೇ ಓದಿ ಕೈತೊಳೆದುಕೊಳ್ಳುತ್ತಾರೆ. ಇವಳು ಖಾಲಿ ಇರುವುದನ್ನೂ ಹೇಳುತ್ತಾಳೆ. ಕೊನೆಗೆ ಅವಳದೇ ಒಂದು ಮಾತು ಇರುತ್ತಿತ್ತು: "ನಾನು ಹೇಳದ ದಾರಿಗೆ ಹೋಗಬೇಡಿ."

ಈ ಕೆಲಸದಲ್ಲಿ ಒಂದು ಪೇಚು ಇದೆ. ಖಾಲಿ ಇದೆ ಎಂದು ರೇಡಿಯೊದಲ್ಲಿ ಹೇಳಿದ ರಸ್ತೆ ಖಾಲಿ ಉಳಿಯುವುದಿಲ್ಲ. ಕೇಳಿದವರೆಲ್ಲ ಅತ್ತ ಸ್ಟೇರಿಂಗು ತಿರುಗಿಸುತ್ತಾರೆ, ಹತ್ತೇ ನಿಮಿಷಕ್ಕೆ ಅದೂ ತುಂಬಿಹೋಗುತ್ತದೆ. ಮತ್ತೆ ಫೋನು, "ಏನಕ್ಕಾ, ಖಾಲಿ ಅಂದ್ರಿ, ಇಲ್ಲಿ ಇರುವೆಗೂ ಜಾಗ ಇಲ್ಲ!" ಇದನ್ನು ಅವಳು ಮನೆಯಲ್ಲೂ ನಗುತ್ತಾ ಹೇಳಿದ್ದಳು. ಅವಳಪ್ಪ ಅದನ್ನು ಮರೆಯದೆ ಇಟ್ಟುಕೊಂಡಿದ್ದರು.

ಅಪ್ಪ ಟೈಲರು. ಎಪ್ಪತ್ತಾದರೂ ಅಂಗಡಿ ಬಿಟ್ಟಿರಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕ ಒಂದು ರೇಡಿಯೊ, ಅದರಲ್ಲಿ ಬೆಳಿಗ್ಗೆ ಬರೀ ಮಗಳು. ಅವರಿಗೆ ವಾಹನವೇ ಇರಲಿಲ್ಲ, ಅಂಗಡಿ ಮನೆಯಿಂದ ನಾಲ್ಕು ಹೆಜ್ಜೆ. ಆದರೂ ಬಂದವರಿಗೆಲ್ಲ ಅಳತೆ ತೆಗೆಯುತ್ತಾ, "ಸೇತುವೆ ಮೇಲೆ ಹೋಗ್ಬೇಡಿ, ನಮ್ಮ ಹುಡುಗಿ ಹೇಳಿದ್ದಾಳೆ" ಎಂದು ಜಂಬ ಪಡುತ್ತಿದ್ದರು. ನನ್ನ ಎರಡು ಪ್ಯಾಂಟು ಅವರೇ ಹೊಲಿದದ್ದು. ಅಷ್ಟು ನೇರ ಕತ್ತರಿ ಹಾಕುವ ಬಲಗೈಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಆ ದಿನ ಸೇತುವೆ ರಸ್ತೆಯಲ್ಲಿ ಲಾರಿಯೊಂದು ಮಗುಚಿತ್ತು. ದೊಡ್ಡಾಸ್ಪತ್ರೆಯ ಕಡೆಗೆ ಇರುವುದು ಎರಡೇ ದಾರಿ, ಒಂದು ಸೇತುವೆ ರಸ್ತೆ, ಇನ್ನೊಂದು ಗೋದಾಮು ರಸ್ತೆ. ಎಂಟೂ ಇಪ್ಪತ್ತಕ್ಕೆ ಸಿಲಿಂಡರಿನವನಿಂದ ಚೀಟಿ ಬಂತು: ಗೋದಾಮು ರಸ್ತೆ ಪೂರ್ತಿ ಖಾಲಿ. ಅದನ್ನು ಅವಳು ಕೈಗೆತ್ತಿಕೊಳ್ಳುವಷ್ಟರಲ್ಲಿ ನನ್ನ ಮೇಜಿನ ಫೋನು ಬಡಿದುಕೊಂಡಿತು. ಮೊಬೈಲು ಸ್ಟುಡಿಯೊ ಒಳಗೆ ನಿಷಿದ್ಧ, ಮನೆಯವರು ಮಾಡುವುದು ಇದಕ್ಕೇ. ಅವಳ ಅಣ್ಣ. ಕೈ ಮಾಡಿ ಕರೆದೆ, ಅವಳು ಗಾಜಿನ ಈಚೆ ಬಂದು ಫೋನು ತೆಗೆದುಕೊಂಡಳು.

"ಅಪ್ಪ ಬಚ್ಚಲಲ್ಲಿ ಬಿದ್ದುಬಿಟ್ರು. ಬಾಯಿ ಒಂದು ಕಡೆ ಎಳ್ಕೊಂಡಿದೆ. ಪಕ್ಕದ ಮನೆಯವರ ಕಾರಲ್ಲಿ ಆಸ್ಪತ್ರೆಗೆ ಹೊರಟಿದೀನಿ."

"ಗೋದಾಮು ರಸ್ತೇಲಿ ಹೋಗು, ಅಣ್ಣಾ. ಖಾಲಿ ಇದೆ. ಸೇತುವೆ ಕಡೆ ತಲೆನೂ ಹಾಕ್ಬೇಡ."

ಫೋನು ಇಟ್ಟಳು. ನನ್ನನ್ನು ನೋಡಿದಳು. ಮತ್ತೆ ಒಳಗೆ ಹೋದಳು.

ಎಂಟೂವರೆಯ ಓದು ಶುರುವಾಗುವ ಮೊದಲು ಆ ಚೀಟಿಯನ್ನು ಅವಳು ನಾಲ್ಕು ಮಡಿಕೆ ಮಾಡಿ ನೀರಿನ ಬಾಟಲಿಯ ಕೆಳಗೆ ಇಟ್ಟಳು. ನನಗೆ ಕಂಡಿತು. ಯಾಕೆಂದೂ ಗೊತ್ತಾಯಿತು: ಹೇಳಿದರೆ ರಸ್ತೆ ತುಂಬುತ್ತದೆ, ಹೇಳದಿದ್ದರೆ ಅಪ್ಪ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿರುತ್ತಾರೆ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಅವತ್ತು ಅನ್ನಿಸಿತು. ಇವತ್ತೂ ಪೂರ್ತಿ ಇಲ್ಲ ಎನ್ನಲಾರೆ. ಅವಳು ಸೇತುವೆಯ ಲಾರಿಯನ್ನು ಓದಿದಳು, ಉಳಿದ ರಸ್ತೆಗಳನ್ನು ಓದಿದಳು, ರೂಢಿಯಂತೆ ಕೊನೆಯ ಮಾತನ್ನೂ ಹೇಳಿಬಿಟ್ಟಳು. ಎಂಟೂ ಮುಕ್ಕಾಲಿಗೂ ಚೀಟಿ ಬಾಟಲಿಯ ಕೆಳಗೇ ಇತ್ತು. ಆ ಅರ್ಧ ಗಂಟೆ ಅವಳು ನಡೆದ ನಡಿಗೆಗೆ ಆಸ್ಪತ್ರೆಗೇ ಹೋಗಿ ಬರಬಹುದಿತ್ತು. ಬಳೆ ತಿರುಗಿಸುವಳು, ಗಡಿಯಾರ ನೋಡುವಳು, ಮುಚ್ಚಿದ ಪೆನ್ನನ್ನೇ ಮತ್ತೆ ಮುಚ್ಚುವಳು.

ಒಂಬತ್ತಕ್ಕೆ ಚೀಟಿ ಹೊರಗೆ ಬಂತು. "ಗೋದಾಮು ರಸ್ತೆ ಖಾಲಿ ಇದೆ" ಎಂದು ಓದಿ ಉಸಿರು ಬಿಟ್ಟಳು. ಅಷ್ಟು ಹೊತ್ತಿಗೆ ತಲುಪಿರುತ್ತಾರೆ ಎಂದು ಅವಳ ಲೆಕ್ಕ, ನನ್ನದೂ.

ಒಂಬತ್ತೂ ಹತ್ತಕ್ಕೆ ಅಣ್ಣನ ಫೋನು. ಹಾರನ್ನುಗಳ ನಡುವೆ ಅವನು ಅಳುತ್ತಿದ್ದ. ಅವರು ಸೇತುವೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು.

ಆಗಿದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಕಾರಿನಲ್ಲಿ ರೇಡಿಯೊ ಹಾಕಿಸಿದ್ದೇ ಅಪ್ಪ. ಮಾತು ತೊದಲುತ್ತಿತ್ತು, ಆದರೆ ಕಿವಿ ಚುರುಕಾಗೇ ಇತ್ತು. ಎರಡು ದಾರಿ ಕವಲೊಡೆಯುವಲ್ಲಿಗೆ ಬರುವುದಕ್ಕೂ ಮಗಳ ಎಂಟೂವರೆಯ ಓದು ಮುಗಿಯುವುದಕ್ಕೂ ಸರಿಹೋಯಿತು. ಅಣ್ಣ ಗೋದಾಮಿನ ಕಡೆ ತಿರುಗಿಸಲು ಹೋದರೆ ಅಪ್ಪ ಎಡಗೈ ಎತ್ತಿ ಬೇಡ ಬೇಡ ಎಂದರು, ರೇಡಿಯೊ ತೋರಿಸಿದರು. ಹಿಂದಿನ ಸೀಟಿನಲ್ಲಿದ್ದ ಅಮ್ಮನೂ ಸೇರಿಕೊಂಡರು.

"ಅವಳು ಆ ರಸ್ತೆ ಹೇಳ್ಲೇ ಇಲ್ಲ ಕಣೋ."

"ಫೋನಲ್ಲಿ ನನಗೇ ಹೇಳಿದ್ದಾಳಮ್ಮಾ!"

"ಅದು ಆಗ. ಹತ್ತು ನಿಮಿಷದಲ್ಲಿ ತುಂಬಿಹೋಗುತ್ತೆ ಅಂತ ಅವಳೇ ಹೇಳ್ತಿರ್ತಾಳಲ್ಲ. ಇನ್ನೂ ಖಾಲಿ ಇದ್ದಿದ್ರೆ ಈಗ ಹೇಳ್ತಿರ್ಲಿಲ್ವಾ? ಸೇತುವೆದು ಬರೀ ಒಂದು ಲಾರಿ, ಎತ್ತಿಬಿಡ್ತಾರೆ."

ಅಣ್ಣನೂ ಗೊಂದಲಕ್ಕೆ ಬಿದ್ದು ಸೇತುವೆ ಕಡೆ ತಿರುಗಿಸಿದ. ಒಂಬತ್ತರ ಓದು ಬಂದಾಗ ಮುಂದೆ ಹಿಂದೆ ಕದಲುವಂತಿರಲಿಲ್ಲ. ಗೋದಾಮು ರಸ್ತೆ ಖಾಲಿ ಎಂದದ್ದು ಕೇಳಿ ಅಪ್ಪ ಓರೆಬಾಯಲ್ಲೇ, "ನೋಡು, ಈಗ ಖಾಲಿ ಆಯ್ತು" ಎಂದರಂತೆ.

ಅಪ್ಪ ಬದುಕಿದರು. ಅರ್ಧ ಗಂಟೆ ಮೊದಲೇ ಬಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಅಂದರು. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತದೆ.

ಎರಡು ತಿಂಗಳು ಅವಳು ಯಾರಿಗೂ ಬಾಯಿ ಬಿಡಲಿಲ್ಲ. ನೋಡಲು ಬಂದವರಿಗೆಲ್ಲ ಅಪ್ಪ ಒಂದೇ ಕಥೆ ಹೇಳುತ್ತಿದ್ದರು: "ಮಗಳು ಹೇಳಿರ್ಲಿಲ್ಲ, ಅದಕ್ಕೇ ಗೋದಾಮು ರಸ್ತೇಲಿ ಹೋಗ್ಲಿಲ್ಲ. ಹೋಗಿದ್ರೆ ಜೀವಾನೇ ಹೋಗ್ತಿತ್ತು." ಅವರು ಹಾಗೆ ಹೊಗಳಿದಾಗಲೆಲ್ಲ ಅವಳು ಎದ್ದು ಒಳಗೆ ಹೋಗಿ ಇಲ್ಲದ ಕೆಲಸ ಮಾಡುತ್ತಿದ್ದಳಂತೆ. ಕೇಂದ್ರದಲ್ಲಿ ನನ್ನೊಡನೆ ಮಾತ್ರ, "ಸಾರ್, ನಾನು ಹೇಗೆ ಹೇಳ್ಲಿ?" ಎಂದು ದಿನಕ್ಕೆ ಹತ್ತು ಸಲ ಕೇಳುವಳು. ಚೀಟಿ ಮಡಿಸಿದ್ದು ನೋಡಿಯೂ ಬಾಯಿ ಮುಚ್ಚಿಕೊಂಡಿದ್ದವನು ನಾನು.

ಒಂದು ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ. ಅಪ್ಪ ನನಗೂ ಅದೇ ಕಥೆ ಶುರುಮಾಡಿದರು. ಅವಳು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದವಳು ನಿಂತುಬಿಟ್ಟಳು.

"ಅಪ್ಪಾ, ಆ ರಸ್ತೆ ಖಾಲಿ ಇತ್ತು. ನಾನೇ ಬೇಕಂತ ಹೇಳ್ಲಿಲ್ಲ. ನಿಮಗೊಬ್ಬರಿಗೇ ಇರ್ಲಿ ಅಂತ ಬಚ್ಚಿಟ್ಟೆ."

ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅಪ್ಪ ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮ ಹಿಂದೇನೇ ಒಂದು ಆಂಬುಲೆನ್ಸ್ ಇತ್ತು ಕಣೇ," ಎಂದರು ನಿಧಾನವಾಗಿ. "ಪೂರ್ತಿ ಹೊತ್ತು ಕೂಗ್ತಾನೇ ಇತ್ತು. ಅದರಲ್ಲಿ ಯಾರಿದ್ರೋ."

ಅವಳು ಆ ಕಡೆ ಯೋಚಿಸಿಯೇ ಇರಲಿಲ್ಲ. ನಾನೂ ಯೋಚಿಸಿರಲಿಲ್ಲ. ಅವಳ ಮುಖ ನೋಡಲಾಗದೆ ನಾನು ನೆಲ ನೋಡಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹಳೇ ಗಿರಾಕಿ, ಅರ್ಧ ಹೊಲಿದ ಕೋಟು ವಾಪಸ್ಸು ಒಯ್ಯಲು ಬಂದವನು, ಹೇಗಾಯಿತು ಎಂದು ವಿಚಾರಿಸಿದ. ಅಪ್ಪ ಎಡಗೈಯಿಂದ ಮಗಳ ಮಣಿಕಟ್ಟು ಹಿಡಿದುಕೊಂಡರು. "ಮಗಳು ಹೇಳಿರ್ಲಿಲ್ಲ, ಅದಕ್ಕೇ ಗೋದಾಮು ರಸ್ತೇಲಿ ಹೋಗ್ಲಿಲ್ಲ. ಹೋಗಿದ್ರೆ ಜೀವಾನೇ ಹೋಗ್ತಿತ್ತು" ಎಂದು ಮೊದಲಿನಂತೆಯೇ ಹೇಳಿದರು. ಒಂದಕ್ಷರ ಆಚೀಚೆ ಆಗಲಿಲ್ಲ. ಗಿರಾಕಿ ಹೋಗುವವರೆಗೂ ಕೈ ಬಿಡಲಿಲ್ಲ, ಅವಳಿಗೆ ಕದಲಲು ಆಗಲಿಲ್ಲ.

ಮಾರನೆಯ ದಿನ ಎಂಟೂವರೆಗೆ ಅವಳು ಬಂದ ಚೀಟಿಗಳನ್ನೆಲ್ಲ ಓದಿದಳು. ಕೊನೆಯ ಮಾತಿನ ಹೊತ್ತಿಗೆ ನಿಂತುಹೋದಳು. ಮೈಕು ತೆರೆದೇ ಇದೆ, ಗಾಳಿಯಲ್ಲಿ ಏನೂ ಇಲ್ಲ. ಆ ಕ್ಷಣವೇ ಸಂಗೀತ ಹಾಕಬೇಕಾದದ್ದು ನನ್ನ ಕೆಲಸ, ನನ್ನ ಬೆರಳು ಏಳಲಿಲ್ಲ. ಆರು ಸೆಕೆಂಡು ಕಳೆದ ಮೇಲೆ ಅವಳೆಂದಳು: "ನಾನು ಹೇಳದ ದಾರಿಗಳೂ ಇರಬಹುದು. ನೋಡಿಕೊಂಡು ಹೋಗಿ."

ಮಧ್ಯಾಹ್ನ ಮೇಲಿನವರಿಂದ ನೋಟೀಸು ಬಂತು, ಆರು ಸೆಕೆಂಡಿನ ಮೌನಕ್ಕೆ ಕಾರಣ ಬರೆದುಕೊಡಿ ಎಂದು. ನಾನು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಓದು ಮುಗಿದು ಎಷ್ಟೋ ಹೊತ್ತಾದರೂ ಮನೆಗೆ ಹೋಗದೆ, ಗಾಜಿನ ಆಚೆ ಅವಳು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಕೊನೆಗೆ "ತಾಂತ್ರಿಕ ಅಡಚಣೆ" ಎಂದು ಬರೆದು ಸಹಿ ಹಾಕಿ ಕಳಿಸಿದೆ.