ಪಾಪಿ ಇಲ್ಲ ಎಂದು ಬರೆದ ಚಂದ್ರಹಾಸ

ಬಂಡೆಮ್ಮ ಚಂದ್ರಹಾಸನನ್ನು ಮೊದಲು ಕಂಡದ್ದು ಕೊಂಡಾಪುರದ ಒಂದು ಪಾರ್ಸಲ್ ಅಂಗಡಿಯಲ್ಲಿ. ಅವಳು ಕಟ್ಟಿ ತಂದಿದ್ದ ಗಂಟನ್ನು ಅವನು ಒಂದು ಮಾತೂ ಕೇಳದೆ ಬಿಚ್ಚಿದ್ದ. ಖಡಕ್ ರೊಟ್ಟಿಗಳ ನಡುವೆ ಬೆರಳು ತೂರಿಸಿದ, ಶೇಂಗಾ ಹಿಂಡಿ ಮೂಸಿದ, ಅಂಟಿನ ಉಂಡಿಯ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ.

“ಯಾಕಪ್ಪ, ಉಂಡಿ ಮಾತಾಡ್ತಾವೇನು?” ಎಂದಳು ಬಂಡೆಮ್ಮ.

“ಕಸ್ಟಮ್ಸಿನವರ ಮುಂದ ಮಾತಾಡ್ತಾವ್ರಿ ಅವ್ವಾರ. ಅದಕ್ಕ ನಾ ಮೊದಲ ಕೇಳಿಸ್ಕೊಂಡ್ ಬಿಡ್ತೀನಿ.”

ಬೀದರ ಕಡೆಯ ಮಾತು. ಬಂಡೆಮ್ಮನಿಗೆ ಅಲ್ಲಿಯೇ ಅರ್ಧ ಸಿಟ್ಟು ಇಳಿಯಿತು. ಸೊರಗಿದ ಆಳು, ಕಿವಿಯ ಮೇಲೆ ಪೆನ್ನು, ಮುಂಗೈಗೆ ಸುತ್ತಿಕೊಂಡ ಸುತಳಿ. ಗಚ್ಚಿಬೌಲಿ ದಾರಿಯುದ್ದಕ್ಕೂ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ ಅದು. ಅಪಾರ್ಟ್‌ಮೆಂಟಿಗೊಬ್ಬರು ಪ್ರಾಜೆಕ್ಟು ಎಂದು ವಿಮಾನ ಹತ್ತುತ್ತಿದ್ದರು. ಅವರ ಬೆನ್ನ ಹಿಂದೆ ಉಪ್ಪಿನಕಾಯಿ, ಕುಕ್ಕರು, ದೇವರ ಫೋಟೊ ಹೋಗುತ್ತಿದ್ದವು. ಯಾವ ದೇಶಕ್ಕೆ ಏನು ನಡೆಯುವುದಿಲ್ಲ ಎಂಬ ಇಂಗ್ಲಿಷ್ ಕಾಗದ ಹಿಡಿದು ಗಿರಾಕಿಯನ್ನು ಕೇಳುವುದು, ಅವರು ಹೇಳಿದ್ದನ್ನು ಬರೆಯುವುದು, ಆಮೇಲೆ ಹೊಲಿದು ಕಟ್ಟುವುದು, ಇದು ಚಂದ್ರಹಾಸನ ಕೆಲಸ. ಬೀದರದಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿ, ಮಗಳನ್ನು ಅಲ್ಲೇ ಬಿಟ್ಟು ಈ ಕೆಲಸಕ್ಕಾಗಿ ಹೈದರಾಬಾದಿಗೆ ಬಂದವನು.

“ಯಾವ ದೇಶರಿ?”

“ದುಬೈ. ನಮ್ಮ ಕುಮುದಾ ಹಡದಾಳ. ಬಾಣಂತಿಗೆ ಉಂಡಿ ಬೇಕಲ್ಲ.”

ಕುಮುದಾ ಬಂಡೆಮ್ಮನ ಹೊಟ್ಟೆಯ ಮಗಳಲ್ಲ. ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಭಾಲ್ಕಿಯ ತಾಯಿಯಿಲ್ಲದ ಹುಡುಗಿ. ಗಂಡ ಸತ್ತ ಮೇಲೆ ಬಂಡೆಮ್ಮ ಆಫೀಸಿನವರಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು, ಮೊದಲ ರೊಟ್ಟಿ ಯಾವಾಗಲೂ ಕುಮುದಾಳ ತಾಟಿಗೆ. ಆ ಹುಡುಗಿ ಮದುವೆಯಾಗಿ ಗಂಡನ ಜೊತೆ ದುಬೈಗೆ ಹೋದಳು. ಹೆರಿಗೆಯಾದ ಮೇಲೆ ಫೋನಿನಲ್ಲಿ ಅವಳು ಕೇಳಿದ್ದು ಒಂದೇ, ನಿಮ್ಮ ಕೈಯ ಉಂಡಿ.

“ಆಸ್ಟ್ರೇಲಿಯಾ ಆಗಿದ್ರ ಈ ತುಪ್ಪದ್ದು ದಾಟತಿದ್ದಿಲ್ಲ, ದುಬೈಗೆ ನಡೀತೈತಿ,” ಎಂದು ಚಂದ್ರಹಾಸ ಕಾಗದಕ್ಕೆ ಬೆರಳಿಟ್ಟು ಕೇಳುತ್ತ ಹೋದ. ಮಾಂಸ ಐತೇನ್ರಿ? ಔಷಧ? ಕೊನೆಗೊಂದು ಸಾಲಿಗೆ ಬಂದ. “ಪಾಪಿ ಐತೇನ್ರಿ? ಪಾಪಿ ಸೀಡ್?”

“ಪಾಪಿ? ನಮ್ಮ ಮನ್ಯಾಗ ಪಾಪಿಗಳು ಯಾರೂ ಹುಟ್ಟಿಲ್ಲಪ್ಪ. ನಿಮ್ಮ ಬೀದರದಾಗ ನೋಡ್ಕೋ.”

ಸಾಲಿನಲ್ಲಿ ನಿಂತವರು ನಕ್ಕರು. ಚಂದ್ರಹಾಸನೂ ನಕ್ಕು, ಇಲ್ಲ ಎಂದು ಬರೆದ. ಹೊಲಿಯಲು ಅವಳೇ ತಂದಿದ್ದ ಹಳೆಯ ಇಳಕಲ್ ಸೀರೆಯ ಸೆರಗನ್ನು ಸುತ್ತಿ ಸೂಜಿ ಹಾಕಿದ. “ಸೆರಗು ಕಟ್ಟಿ ಕಳಸಾಕತ್ತೀರಿ. ಈ ಗಂಟು ಲಾಖ ಗಂಟಿನಾಗ ಇದ್ರೂ ಗುರ್ತು ಹಿಡೀತೀನಿ,” ಎಂದ.

ಮರುದಿನ ಬಂಡೆಮ್ಮ ಹೊಸದಾಗಿ ತೆರೆದ ದೊಡ್ಡ ಅಂಗಡಿಗೆ ಸಾಮಾನು ತರಲು ಹೋದಳು. ಅಲ್ಲಿ ಎಲ್ಲವೂ ಪ್ಯಾಕೆಟ್ಟಿನಲ್ಲಿ. ಕಸಕಸಿ ಎಂದರೆ ಅಲ್ಲಿನ ತೆಲುಗು ಹುಡುಗಿಗೆ ತಿಳಿಯಲಿಲ್ಲ. ಬೆರಳ ತುದಿ ತೋರಿಸಿ, ಬೆಳ್ಳಗಿನ ಸಣ್ಣ ಕಾಳು, ಖೀರಿಗೆ ಹಾಕುತ್ತಾರೆ, ಉಂಡಿಗೆ ಹಾಕುತ್ತಾರೆ ಎಂದು ಬಿಡಿಸಿ ಹೇಳಿದಳು. ಹುಡುಗಿ ಒಂದು ಪ್ಯಾಕೆಟ್ಟು ತೆಗೆದು, ಮೇಲಿದ್ದ ಇಂಗ್ಲಿಷನ್ನು ಓದಿದಳು.

“ಪಾಪಿ ಸೀಡ್ಸ್. ಇದೇನಾ ಅಮ್ಮ?”

ಬಂಡೆಮ್ಮ ಇನ್ನೊಮ್ಮೆ ಓದಿಸಿದಳು. ಮತ್ತೆ ಅದೇ. ಪ್ಯಾಕೆಟ್ಟು ಒಂದನ್ನೇ ಕೊಂಡು, ಉಳಿದ ಸಾಮಾನಿನ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಹೊರಬಿದ್ದಳು.

ಪಾರ್ಸಲ್ ಅಂಗಡಿಯಲ್ಲಿ ಅಂದು ಮಾಲಕನೂ ಇದ್ದ. ಬಂಡೆಮ್ಮ ಪ್ಯಾಕೆಟ್ಟನ್ನು ಚಂದ್ರಹಾಸನ ಮುಂದಿಟ್ಟಳು. ಅವನು ಅಕ್ಷರ ಅಕ್ಷರ ಕೂಡಿಸಿ ಓದಿದ. ಕಿವಿಯ ಮೇಲಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟ.

“ಇದ ಏನು ಪಾಪಿ ಅಂದ್ರ?” ಎಂದ. “ಅಫೀಮಿನ ಗಿಡದ ಬೀಜ ಅಂತ ಹೇಳಿದ್ರು. ಅಫೀಮಿನಂಗ ಕರ್ರಗ ಇರ್ತಾವ ಅನಕೊಂಡಿದ್ದೆ. ಕಸಕಸಿ ಖೀರು ಕುಡದ ಬೆಳದೀನಲ್ರಿ ಅವ್ವಾರ ನಾನು.”

“ಅಲ್ಲಿ ಹಿಡದ್ರ ಏನ್ಮಾಡ್ತಾರ?”

ಅವನು ಮಾಲಕನ ಕಡೆ ನೋಡಿದ. ಮಾಲಕ ಗಡಿಯಾರದ ಕಡೆ ನೋಡಿದ.

“ಯಾರ ಹೆಸರಿಗೆ ಹೋಗೈತಿ ಅವರನ್ನ ಹಿಡೀತಾರ,” ಎಂದ ಚಂದ್ರಹಾಸ. “ಅಲ್ಲಿ ಅದು ನಶೆಯ ಮಾಲಿನ ಲೆಕ್ಕ. ಜೇಲು.”

ಬಂಡೆಮ್ಮನ ಕಣ್ಣ ಮುಂದೆ ಎದೆಗೆ ಕೂಸನ್ನು ಹಿಡಿದ ಕುಮುದಾ ನಿಂತಳು. ಉಂಡಿಯ ಪಾಕಕ್ಕೆ ಕಸಕಸಿ ಸುರಿದ ಕೈ ತನ್ನದೇ.

ಮಾಲಕ ಹಿಂದಿಯಲ್ಲಿ ತಣ್ಣಗೆ ಹೇಳಿದ. ದಿನಾ ಇಷ್ಟು ಪಾರ್ಸಲ್ ಹೋಗುತ್ತವೆ, ಉಂಡಿ ಒಡೆದು ಯಾರು ನೋಡುತ್ತಾರೆ. ಈಗ ವಾಪಸ್ ಕೇಳಿದರೆ ಸುಳ್ಳು ಬರೆದುಕೊಟ್ಟ ಅಂಗಡಿ ಎಂದಾಗುತ್ತದೆ, ನಾಳೆಯಿಂದ ನಮ್ಮ ಒಂದೊಂದು ಡಬ್ಬಿಯನ್ನೂ ಒಡೆಯುತ್ತಾರೆ. “ಸುಮ್ಮನೆ ಕೂಡು. ಎದ್ದು ಹೋದರೆ ಮತ್ತೆ ಬರಬೇಡ.”

ಬಂಡೆಮ್ಮ ಬೇಡಿಕೊಳ್ಳಲಿಲ್ಲ, ಬಾಗಿಲಲ್ಲಿ ನಿಂತಿದ್ದಳು. ಚಂದ್ರಹಾಸ ಮುಂಗೈಯ ಸುತಳಿ ಬಿಚ್ಚಿ ಮೇಜಿನ ಮೇಲೆ ಹಾಕಿ ಮೊಳೆಯಲ್ಲಿದ್ದ ಅಂಗಿ ತೊಟ್ಟ.

“ನಡೀರಿ ಅವ್ವಾರ. ಸಂಜಿ ವಿಮಾನಕ್ಕ ಐತಿ ಅದು.”

ಆಗ ವಿಮಾನ ನಿಲ್ದಾಣ ಬೇಗಂಪೇಟೆಯಲ್ಲಿತ್ತು. ಸಿಗ್ನಲ್ಲಿನಲ್ಲಿ ಆಟೊ ನಿಂತಾಗಲೆಲ್ಲ ಬಂಡೆಮ್ಮ ತಲೆ ಹೊರಗೆ ಹಾಕಿ ಆಕಾಶ ನೋಡುತ್ತಿದ್ದಳು. ಒಂದು ವಿಮಾನ ತಲೆಯ ಮೇಲೆಯೇ ಎದ್ದು ಹೋಯಿತು.

“ಅದು ಅಲ್ರಿ,” ಎಂದ ಚಂದ್ರಹಾಸ.

“ನಿನಗ ಹ್ಯಾಂಗ ಗೊತ್ತು?”

“ಗೊತ್ತಿಲ್ಲ. ಅಲ್ಲ ಅನಕೋರಿ.”

ಮಾಲಿನ ಶೆಡ್ಡಿನ ಗುಮಾಸ್ತ ಮೊದಲು ತಲೆಯನ್ನೇ ಎತ್ತಲಿಲ್ಲ. ಕಸ್ಟಮ್ಸ್ ದಾಟಿದ ಮಾಲನ್ನು ಮತ್ತೆ ಊರೊಳಕ್ಕೆ ಬಿಡಿಸಿಕೊಳ್ಳುವುದಕ್ಕೆ ಬ್ಯಾಕ್ ಟು ಟೌನ್ ಎನ್ನುತ್ತಾರೆ, ಅದಕ್ಕೆ ಅರ್ಜಿ ಕೊಡಬೇಕು, ಕಾರಣ ಬರೆಯಬೇಕು, ಸಾಹೇಬರು ಒಪ್ಪಬೇಕು. ಕಾರಣ ಕೇಳಿದ ಮೇಲೆ ಅವನು ಇಬ್ಬರನ್ನೂ ಒಮ್ಮೆ ನೋಡಿದ. ನಂತರ ದನಿ ತಗ್ಗಿಸಿ ಚಂದ್ರಹಾಸನಿಗೆ ಹೇಳಿದ: ಮುದುಕಿ ಮುಚ್ಚಿಟ್ಟಳು ಎಂದು ಬರೆದುಬಿಡು, ಓದು ಬರಹ ಇಲ್ಲದವಳು, ಅವಳಿಗೇನೂ ಆಗುವುದಿಲ್ಲ, ನಿನ್ನ ಹೊಟ್ಟೆಪಾಡು ಉಳಿಯುತ್ತದೆ.

ಬಂಡೆಮ್ಮನಿಗೆ ಅದು ಕೇಳಿಸಿತು. “ಹಂಗ ಬರಿ ತಮ್ಮಾ. ಎಲ್ಲಿ ಸಹಿ ಹಾಕ್ಬೇಕು ತೋರಿಸು, ನನ್ನ ಹೆಸರು ಬರಿಯಾಕ ಬರ್ತೈತಿ.”

“ಮುಚ್ಚಿಟ್ಟೀರೇನ್ರಿ ನೀವು? ಕಸಕಸಿ ಐತೇನು ಅಂತ ನಾ ಕೇಳಿದ್ರ ಹೂಂ ಅಂತಿದ್ರಿ. ಇಲ್ಲ ಅಂತ ಬರದ ಕೈ ಇದು,” ಎಂದು ಚಂದ್ರಹಾಸ ಅರ್ಜಿಯನ್ನು ಎಳೆದುಕೊಂಡ. ಕೇಳಿದ ಪದಾರ್ಥ ಏನೆಂದು ತಿಳಿಯದೆ ಕೇಳಿದೆ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದ.

ಸಾಹೇಬರ ಸಹಿ ಬಂದರೂ ಗಂಟು ಸಿಗಬೇಕಲ್ಲ. ವಿಮಾನಕ್ಕೆ ಹೋಗುವ ಚೀಲಗಳನ್ನು ಆಗಲೇ ಗಾಡಿಗೆ ಏರಿಸುತ್ತಿದ್ದರು. ಕೆಲಸದವರು ಬೈಯುತ್ತ ಒಂದೊಂದನ್ನೇ ಬಿಚ್ಚಿದರು. ಚಂದ್ರಹಾಸ ಕಂಬಿಯಾಚೆಯಿಂದ ಇಣುಕುತ್ತ, ಇದಲ್ಲ, ಇದಲ್ಲ ಎನ್ನುತ್ತಿದ್ದ. ಬಂಡೆಮ್ಮ ಕಂಬಿ ಹಿಡಿದು ನಿಂತಿದ್ದಳು, ಕಂಬಿಯ ತುಕ್ಕು ಅಂಗೈಗೆ ಹತ್ತಿತ್ತು. ಗಾಡಿ ಎಳೆಯುವವನು ಎಂಜಿನ್ ಶುರು ಮಾಡಿದ. ಕೆಳಗಿನ ಚೀಲವೊಂದರ ಬಾಯಲ್ಲಿ ಕೆಂಪು ಸೆರಗಿನ ಬಿಳಿ ಗೆರೆಗಳು ಇಣುಕಿದವು.

“ಅದ,” ಎಂದ ಚಂದ್ರಹಾಸ. ಎಂಜಿನ್ನಿನ ಸದ್ದಿಗೆ ಅದು ಅತ್ತ ಕೇಳಿಸಲಿಲ್ಲ. ಬಂಡೆಮ್ಮ ಕೈ ಚಾಚಿ ಕೂಗಿ ಹೇಳಿದಳು.

ಸಾಹೇಬರು ಒಂದು ಉಂಡಿ ಒಡೆಸಿದರು. ಅಂಟು, ಉತ್ತತ್ತಿ, ಕೊಬ್ಬರಿಯ ನಡುವೆ ಕಸಕಸಿ ಬೆಳ್ಳಗೆ ಉದುರಿತು. ಇವತ್ತು ನಿಮ್ಮ ಪುಣ್ಯ ಎಂದು ತೆಲುಗಿನಲ್ಲಿ ಹೇಳಿ ಗಂಟನ್ನು ಇವರ ಕಡೆ ತಳ್ಳಿದರು.

ಕೆಲಸ ಹೋಯಿತು. ಮಾಲಕ ಹೇಳಿದಂತೆಯೇ ಮಾಡಿದ. ಬೀದರಕ್ಕೆ ಹೊರಟುಬಿಡುತ್ತಾನೆ ಎಂದುಕೊಂಡಿದ್ದಳು ಬಂಡೆಮ್ಮ. ಅವನು ಹೋಗಲಿಲ್ಲ. ಜೆರಾಕ್ಸ್ ಅಂಗಡಿಯ ಮುಂದೆ ಒಂದು ಮೇಜು ಹಾಕಿಕೊಂಡು ಪಾರ್ಸಲ್ ಕಟ್ಟಿಕೊಡಲು ಕೂತ. ಬಂಡೆಮ್ಮ ರೊಟ್ಟಿಯ ಗಿರಾಕಿಗಳನ್ನೆಲ್ಲ ಅತ್ತ ಕಳಿಸಿದಳು. ಅವನು ಕೇಳುವ ರೀತಿ ಮಾತ್ರ ಬದಲಾಗಿತ್ತು. ಕಾಗದದ ಹೆಸರು ಓದುವುದನ್ನು ಬಿಟ್ಟು, ಡಬ್ಬಿಯ ಮುಚ್ಚಳ ತೆಗೆದು ಕಾಳನ್ನು ಅಂಗೈಯಲ್ಲಿಟ್ಟು, “ಇದಕ್ಕ ನಿಮ್ಮ ಮನ್ಯಾಗ ಏನಂತೀರಿ?” ಎನ್ನುತ್ತಿದ್ದ. ತೆಲುಗಿನವರಿಗೆ ತೆಲುಗಿನಲ್ಲಿ, ಉರ್ದುವಿನವರಿಗೆ ಉರ್ದುವಿನಲ್ಲಿ. ಬೇಸತ್ತವರು ಬೈದುಹೋಗುತ್ತಿದ್ದರು, ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಕುಮುದಾಳಿಗೆ ಕಸಕಸಿ ಬಿಟ್ಟು ಕಟ್ಟಿದ ಉಂಡಿ ಹೋದದ್ದು ಅದೇ ಮೇಜಿನಿಂದ. ಒಂದನ್ನು ಒಡೆದು ನೋಡಲೇಬೇಕು, ಕಾನೂನು ಎಂದು ಹೇಳಿ, ಒಡೆದದ್ದನ್ನು ತಾನೇ ತಿಂದ.

“ಕಾನೂನಿಗೆ ಭಾಳ ಹಸಿವು ಆಗೈತಿ,” ಎಂದಿದ್ದಳು ಬಂಡೆಮ್ಮ.

ಕೆಲವು ವರ್ಷಗಳ ಮೇಲೆ, ವಿಮಾನ ನಿಲ್ದಾಣ ಊರ ಹೊರಗೆ ಹೋಗುವ ಹೊತ್ತಿಗೆ ಸಕ್ಕರೆ ಕಾಯಿಲೆ ಚಂದ್ರಹಾಸನ ಕಣ್ಣು ತಿಂದಿತ್ತು. ಮೂಗಿನಿಂದಲೇ ಕೆಲವು ದಿನ ಕೆಲಸ ನಡೆಸಿದ. ಕೊನೆಗೆ ಮಗಳು ಶಿವಗಂಗಾ ಬಂದು ಊರಿಗೆ ಕರೆದೊಯ್ಯಲು ನಿಂತಳು. ಬಂಡೆಮ್ಮ ಸಿಕಂದರಾಬಾದ್ ಸ್ಟೇಷನ್ನಿಗೆ ಹೋದಳು, ಕೈಯಲ್ಲಿ ಉಂಡಿಯ ಡಬ್ಬಿ. ಸಕ್ಕರೆ ಇದ್ದವನಿಗೆ ಉಂಡಿ ಯಾಕೆ ಎಂದು ಶಿವಗಂಗಾ ಗೊಣಗಿದಳು. ಬೀದರಕ್ಕೆ ಯಾವ ಕಸ್ಟಮ್ಸೂ ಇಲ್ಲವೆಂದು ಬಂಡೆಮ್ಮ ಈ ಸಲ ಕೈ ತುಂಬ ಕಸಕಸಿ ಹಾಕಿದ್ದಳು.

ಡಬ್ಬಿಯನ್ನು ಕಿಟಕಿಯಿಂದ ಅವನ ತೊಡೆಯ ಮೇಲಿಟ್ಟಳು. ಅವನು ಮುಚ್ಚಳ ತೆಗೆಯಲಿಲ್ಲ. ಎತ್ತಿ ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿ ಆಲಿಸಿದ. ರೈಲು ಜಗ್ಗಿ ಕದಲಿತು. ಬಂಡೆಮ್ಮ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ಅವನು ಅವಳಿದ್ದ ಕಡೆಗೆ ಮುಖ ತಿರುಗಿಸಿ, ಮೇಜಿನ ಹಿಂದೆ ಕೂತು ಕೇಳುವವನಂತೆ ಗಂಭೀರವಾಗಿ ಕೇಳಿದ:

“ಅವ್ವಾರ, ಖರೇ ಹೇಳ್ರಿ. ಪಾಪಿ ಐತೇನು ಇದರಾಗ?”