ಕೆಡಿಸಿ ಬರೆದ ಪ್ರಬಂಧ

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಅಧ್ಯಾಪಕರ ಸಂಶೋಧನಾ ಪ್ರಬಂಧಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಕದ್ದದ್ದಲ್ಲ ಎಂದು ವರದಿ ಕೊಡುವುದು ನಮ್ಮ ಲೈಬ್ರರಿಯ ಕೆಲಸ. ಈಚೆಗೆ ಆ ಸಾಫ್ಟ್‌ವೇರ್, ಬರೆದದ್ದು ಮನುಷ್ಯರೋ ಎಐಯೋ ಎಂದೂ ಹೇಳತೊಡಗಿದೆ.

ಪಡೀಲಿನಿಂದ ಬರುತ್ತಿದ್ದ ಸಮಾಜಶಾಸ್ತ್ರದ ಅಧ್ಯಾಪಕಿಯೊಬ್ಬರಿದ್ದರು. ಮನೆಮಾತು ಕರಾವಳಿ ಮುಸ್ಲಿಮರ ಬ್ಯಾರಿ. ಗಂಡಂದಿರು ಗಲ್ಫಿನಲ್ಲಿರುವಾಗ ಹೆಂಗಸರು ಮನೆ, ಅಂಗಡಿ ಎರಡನ್ನೂ ಹೇಗೆ ನಡೆಸುತ್ತಾರೆ ಎಂಬುದು ಅವರ ವಿಷಯ. ತರಗತಿ ಮುಗಿಸಿ ನನ್ನ ಮೇಜಿನ ಎದುರೇ ಕೂತು ಬರೆಯುತ್ತಿದ್ದರು. ವಾಕ್ಯವೊಂದು ಸರಿಹೋಗದಿದ್ದರೆ ನನಗೆ ಓದಿ ಹೇಳಿ, ಹೊಡೆದುಹಾಕಿ, ಮತ್ತೆ ಬರೆಯುವರು. ಅಷ್ಟು ಚೊಕ್ಕ ಇಂಗ್ಲಿಷನ್ನು ನಮ್ಮಲ್ಲಿ ಇನ್ಯಾರೂ ಬರೆಯುತ್ತಿರಲಿಲ್ಲ.

ಅವರ ಪ್ರಬಂಧ ಬಹುಪಾಲು ಎಐ ಬರೆದದ್ದು ಎಂದಿತು ಸಾಫ್ಟ್‌ವೇರ್.

ನಾನು ಪ್ರಿನ್ಸಿಪಾಲರ ಬಳಿ ಹೋದೆ. “ಸರ್, ಇದು ತಪ್ಪು. ಅವರು ಬರೆಯುವುದನ್ನು ನಾನೇ ನೋಡಿದ್ದೇನೆ.”

“ಮೆಷಿನಿಗೆ ಅವರ ಮೇಲೆ ಎಂತ ಸಿಟ್ಟು ಉಂಟಾ ಮೇಡಂ?” ಎಂದು ನಕ್ಕರು. “ಅಲ್ಲ, ಅವರಿಗೆ ಇಷ್ಟು ಒಳ್ಳೆ ಇಂಗ್ಲಿಷ್ ಎಲ್ಲಿಂದ?”

ನನಗೆ ಮೈಯೆಲ್ಲ ಉರಿಯಿತು. ನಿಜವಾಗಿ ಎಐಯಿಂದ ಬರೆಸಿದವರು, ಆ ಎಐಗೇ ಹೇಳಿ ನಾಲ್ಕು ತಪ್ಪು ಹಾಕಿಸಿಕೊಂಡು ಆರಾಮವಾಗಿ ಪಾಸಾಗುತ್ತಿದ್ದರು. ಅದು ಪ್ರಿನ್ಸಿಪಾಲರಿಗೂ ಗೊತ್ತಿತ್ತು.

ಮರುದಿನ ಆ ಅಧ್ಯಾಪಕಿ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು.

“ಎಂತ ಮಾಡ್ತಾ ಇದ್ದೀರಿ?”

“ಕೆಡಿಸ್ತಾ ಇದ್ದೇನೆ ಮೇಡಂ. ಒಳ್ಳೆಯ ವಾಕ್ಯಗಳನ್ನೆಲ್ಲ ಮುರಿದು ಹಾಕಿದ್ರೆ ಪಾಸ್ ಆಗ್ತದಂತೆ.”

“ಬೇಡ. ನಾವು ಜಗಳ ಮಾಡುವ.”

“ನಿಮಗೆ ಆಗ್ತದೆ, ನೀವು ಪರ್ಮನೆಂಟ್. ನಾನು ಗೆಸ್ಟ್ ಲೆಕ್ಚರರ್. ಬರುವ ವರ್ಷ ನನ್ನನ್ನು ಮತ್ತೆ ಕರೀಬೇಕಲ್ಲ?”

ಪ್ರಬಂಧ ಪಾಸಾಯಿತು. “ಈಗ ನೋಡಿ, ಸ್ವಂತ ಬರಹ!” ಎಂದರು ಪ್ರಿನ್ಸಿಪಾಲರು. ನಾನು ಹಲ್ಲು ಕಚ್ಚಿಕೊಂಡು ಆ ಅಧ್ಯಾಪಕಿಗೋಸ್ಕರ ವರದಿಗೆ ಸಹಿ ಹಾಕಿದೆ. ಆದರೆ ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಿದೆ: “ಬರೆದವರನ್ನು ಕೂರಿಸಿ ಮಾತಾಡದೆ, ಎಐ ಬಗ್ಗೆ ಲೈಬ್ರರಿ ಇನ್ನು ವರದಿ ಕೊಡುವುದಿಲ್ಲ. ಅಧ್ಯಾಪಕರಿಗೆ ಸಹಾಯ ಮಾಡ್ಲಿಕ್ಕೆ ನಾವಿರುವುದು, ಹಿಡಿದು ಕೊಡ್ಲಿಕ್ಕಲ್ಲ.” ಒಂದೇ ವಾರದಲ್ಲಿ ವರದಿ ಕೊಡುವ ಕೆಲಸವನ್ನೇ ಕಂಪ್ಯೂಟರ್ ವಿಭಾಗಕ್ಕೆ ಕೊಟ್ಟರು.

ಪ್ರಬಂಧ ಅಚ್ಚಾಗಿ ಬಂತು. ಅದನ್ನು ಅಧ್ಯಾಪಕರ ಬರಹಗಳ ಕಪಾಟಿನಲ್ಲಿ ಇಡಲು ಹೋದಾಗ ಆ ಅಧ್ಯಾಪಕಿ ನನ್ನ ಕೈ ಹಿಡಿದು ತಡೆದರು.

“ಅಲ್ಲಿ ಇಡ್ಬೇಡಿ ಮೇಡಂ. ಕ್ಲಾಸಿನ ಮಕ್ಕಳು ಈ ಇಂಗ್ಲಿಷ್ ಓದಿದ್ರೆ ನನಗೆ ನಾಚಿಕೆ ಆಗ್ತದೆ.”