ಗೌರೀಶನ ಆಟದ ಪೆಟ್ಟಿಗೆ

ಪಿರಿಯಾಪಟ್ಟಣದಲ್ಲಿ ಮೈಕ್ ಸೆಟ್ ಗೌರೀಶ ಎಂದರೆ ಗೊತ್ತಿಲ್ಲದವರಿಲ್ಲ. ಮದುವೆಯಿರಲಿ, ನಾಮಕರಣವಿರಲಿ, ಗಣಪತಿ ಬಿಡುವುದಿರಲಿ, ಅವನ ಸ್ಪೀಕರ್ ಕಿರುಚದೆ ಮುಗಿಯುವುದಿಲ್ಲ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಜೆರಾಕ್ಸ್ ಅಂಗಡಿ. ಹದಿನಾಲ್ಕು ವರ್ಷದಿಂದ ಅವನ 'ಹಲೋ, ಮೈಕ್ ಟೆಸ್ಟಿಂಗ್' ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅವನನ್ನು ನಾನು ಬೈದಷ್ಟು ನನ್ನ ಹೆಂಡತಿಯನ್ನೂ ಬೈದಿಲ್ಲ.

ಸೀಸನ್ನಿನಲ್ಲಿ ತಿಂಗಳಿಗೆ ಇಪ್ಪತ್ತು ದಿನ ಅವನಿಗೆ ಊರೂರು ತಿರುಗಾಟ. ಮನೆಗೆ ಬಂದರೆ ನಿದ್ದೆ. ಹೆಂಡತಿ ಸುನಂದ ಹನ್ನೊಂದು ವರ್ಷ ನೋಡಿದಳು. ಆಮೇಲೆ ಮಗಳು ಪದ್ಮಶ್ರೀಯನ್ನು ಕರೆದುಕೊಂಡು ಹಂಪಾಪುರದ ತವರಿಗೆ ಹೊರಟುಹೋದಳು. ಕುಡಿತವಿರಲಿಲ್ಲ, ಹೊಡೆತವಿರಲಿಲ್ಲ. ಯಾರನ್ನು ಬೈಯಬೇಕೆಂದು ನನಗೂ ತಿಳಿಯಲಿಲ್ಲ. ಕೋರ್ಟಿನಲ್ಲಿ ರಾಜಿಯಾಗಿ ಬೇರೆಯಾದರು. ಹದಿನೈದು ದಿನಕ್ಕೊಂದು ಭಾನುವಾರ, ಹತ್ತರಿಂದ ಹನ್ನೆರಡು ಗಂಟೆವರೆಗೆ, ಆ ಮನೆಯ ಜಗಲಿಯ ಮೇಲೆ ಅಪ್ಪ ಮಗಳನ್ನು ನೋಡಬಹುದು ಎಂದು ಬರೆದುಕೊಂಡರು. ಅವನ ಪಾಲಿಗೆ ಮಗಳೆಂದು ಉಳಿದದ್ದು ಆ ಎರಡು ಗಂಟೆ ಮಾತ್ರ.

ಬೆಳಗಿನ ಮೊದಲ ಬಸ್ಸಿಗೆ ಹುಣಸೂರು, ಅಲ್ಲಿಂದ ಎಚ್.ಡಿ. ಕೋಟೆ, ಕೋಟೆಯಿಂದ ಹಂಪಾಪುರ. ಇಷ್ಟು ದೂರ ಹೋಗಿ ಜಗಲಿಯಲ್ಲಿ ಕೂತರೆ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲವಂತೆ. 'ಊಟ ಆಯ್ತಾ ಮಗಾ?' 'ಹೂಂ.' 'ಸ್ಕೂಲು?' 'ಹೂಂ.' ಹತ್ತು ವರ್ಷದ ಹುಡುಗಿ ಕಾಲ್ಬೆರಳು ನೋಡುತ್ತಾ ಕೂರುತ್ತಿತ್ತು, ಇವನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ನಾಲ್ಕನೇ ತಿಂಗಳು ಒಂದು ದಿನ ಅವಳೇ ಕೇಳಿದಳು.

"ಅಪ್ಪಾಜಿ, ನಿಮ್ಮತ್ರ ಗೇಮ್ ಆಡೋ ಕಂಪ್ಯೂಟರ್ ಐತಾ? ನನ್ ಫ್ರೆಂಡ್ ಮನೇಲಿ ಐತೆ."

ಗೌರೀಶ ಆವತ್ತು ಸಂಜೆ ಬಸ್ಸಿಳಿದವನು ಮನೆಗೂ ಹೋಗದೆ ನನ್ನ ಅಂಗಡಿಗೆ ಬಂದ. "ಲೋ, ಇವತ್ತು ಮಗ ಅಷ್ಟುದ್ದ ಮಾತಾಡ್ತು ಕಣ್ಲಾ," ಎಂದ. ಅವನ ಮುಖ ನೋಡಿ ನನಗೆ ಬೈಯಲು ಮನಸ್ಸಾಗಲಿಲ್ಲ.

ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪಿಗೆ ಮೈಸೂರಿನ ಅಂಗಡಿಯಲ್ಲಿ ಎಪ್ಪತ್ತು ಸಾವಿರ ಹೇಳಿದರು. ಗೌರೀಶನ ಹತ್ತಿರ ಇದ್ದದ್ದು ಹದಿನೆಂಟು ಸಾವಿರ. ತಾನೇ ಮಾಡುತ್ತೇನೆ ಎಂದು ಹಟ ಹಿಡಿದ. ಬಾಗಿಲು ಮುಚ್ಚಿದ ಒಂದು ಟ್ಯೂಷನ್ ಸೆಂಟರಿನಿಂದ ಪುಸ್ತಕದಷ್ಟು ದಪ್ಪದ ಹಳೇ ಆಫೀಸ್ ಕಂಪ್ಯೂಟರ್ ತಂದ. ಕೆಟ್ಟುಹೋದ ಲ್ಯಾಪ್‌ಟಾಪಿನ ಪರದೆಯನ್ನು ಬಿಚ್ಚಿಕೊಂಡ. ಆಟದ ಚಿತ್ರಗಳು ತಡವರಿಸದೆ ಓಡಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಅದರಲ್ಲಿ ಚಿಕ್ಕದು, ಕಡಿಮೆ ಕರೆಂಟ್ ತಿನ್ನುವುದು ಸೆಕೆಂಡ್ ಹ್ಯಾಂಡ್ ಸಿಗುವವರೆಗೆ ಎರಡು ತಿಂಗಳು ಕಾದ. ಎಲ್ಲವನ್ನೂ ಹಿಡಿಯಿದ್ದ ಒಂದು ಹಳೇ ಆಂಪ್ಲಿಫೈಯರ್ ಡಬ್ಬದೊಳಗೆ ಕೂರಿಸಿದ. ಮೊದಲ ಸಲ ಒಳಗಿನ ಕಾವಿಗೆ ಡಬ್ಬ ಕೈಯಿಡಲಾಗದಷ್ಟು ಬಿಸಿಯಾಯಿತು. ಪಕ್ಕಕ್ಕೆ ಸ್ಪೀಕರಿನ ಜಾಲರಿ ಹಾಕಿ, ಎರಡು ಫ್ಯಾನ್ ಕೂರಿಸಿದ. ಬೀಡಿ ಸೇದುವುದನ್ನೂ ಆ ತಿಂಗಳು ಬಿಟ್ಟ, ಬೂದಿ ಬೀಳುತ್ತದೆಂದು. ನಾನು ಹತ್ತು ವರ್ಷ ಹೇಳಿದರೂ ಬಿಟ್ಟಿರಲಿಲ್ಲ.

ಡಬ್ಬ ಎಂಟು ಕೇಜಿ ತೂಗಿತು. ಮೊದಲ ಭಾನುವಾರ ಹುಣಸೂರಿನಿಂದ ಕೋಟೆಗೆ ಹೋಗುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೆ ಕಾರ್ಡ್ ಕಳಚಿಕೊಂಡಿತ್ತು. ಮಗಳ ಮುಂದೆ ಅರ್ಧ ಗಂಟೆ ಸ್ಕ್ರೂ ಬಿಚ್ಚುತ್ತಾ ಕೂತನಂತೆ. ಮುಂದಿನ ಸಲ ಸ್ಪಂಜು ತುರುಕಿ, ಮರದ ಪಟ್ಟಿ ಹೊಡೆದು, ತೊಡೆಯ ಮೇಲೆ ಇಟ್ಟುಕೊಂಡೇ ಹೋದ. ಆಮೇಲೆ ಅದು ಒಂದು ದಿನವೂ ಕೈಕೊಡಲಿಲ್ಲ.

ಇಬ್ಬರೂ ಕಾರ್ ರೇಸ್ ಆಡುತ್ತಿದ್ದರು. ಪರದೆಯಲ್ಲಿ ಮೇಲಿನ ಅರ್ಧ ಮಗಳ ಕಾರು, ಕೆಳಗಿನ ಅರ್ಧ ಅಪ್ಪನ ಕಾರು, ಕೈಗೊಂದೊಂದು ಜಾಯ್‌ಸ್ಟಿಕ್. ಗೌರೀಶ ಯಾವಾಗಲೂ ಸೋಲುತ್ತಿದ್ದ. 'ಎಡಕ್ಕೆ ಅಪ್ಪಾಜಿ, ಎಡಕ್ಕೆ!' ಎಂದು ಅವಳು ಕಿರುಚಿದ್ದು, ಇವನು ಗೋಡೆಗೆ ಗುದ್ದಿದ್ದು, ಅವಳು ಬಿದ್ದು ಬಿದ್ದು ನಕ್ಕಿದ್ದು, ಸೋಮವಾರ ಬೆಳಗ್ಗೆ ನನಗೆ ಪೂರ್ತಿ ವರದಿ. ಗಿರಾಕಿಗಳು ಕಾಯುತ್ತಾ ನಿಂತಿದ್ದರೂ ನಿಲ್ಲಿಸುತ್ತಿರಲಿಲ್ಲ. ಹೀಗೆ ಎರಡು ವರ್ಷ ನಡೆಯಿತು. ಭಾನುವಾರದ ಮದುವೆಗಳನ್ನೇ ಬಿಟ್ಟುಕೊಟ್ಟ. ಹೆಂಡತಿ ಇದ್ದಾಗ ಈ ಬುದ್ಧಿ ಎಲ್ಲಿ ಹೋಗಿತ್ತೋ ಎಂದು ಕೇಳಬೇಕೆನಿಸುತ್ತಿತ್ತು, ಕೇಳಲಿಲ್ಲ.

ಹೋದ ಮಾಘದಲ್ಲಿ ಪೆಂಡಾಲಿನ ಏಣಿಯಿಂದ ಬಿದ್ದು ಅವನ ಭುಜ ಉಳುಕಿತು. ಡಬ್ಬ ಹೊರಲು ಆ ಭಾನುವಾರ ನಾನೂ ಜೊತೆಗೆ ಹೋದೆ.

ಹಂಪಾಪುರದ ಮನೆಯ ಮುಂದೆ ಹೆಂಗಸರು ತುಂಬಿದ್ದರು. ಅಂಗಳದ ಮೂಲೆಯಲ್ಲಿ, ಜಗಲಿಗೆ ಒತ್ತಿಕೊಂಡಂತೆ, ತೆಂಗಿನ ಗರಿ ಅತ್ತಿಸೊಪ್ಪಿನ ಪುಟ್ಟ ಗುಡಿಸಲು, ಹಸಿರು ಗುಡ್ಲು. ಪದ್ಮಶ್ರೀ ಮೈನೆರೆದು ದೊಡ್ಡವಳಾಗಿದ್ದಳು. ಸೋದರಮಾವ ಕಂಠಪ್ಪ ಹಿಂದಿನ ದಿನವೇ ಸೊಪ್ಪು ತಂದು ಗುಡ್ಲು ಹಾಕಿದ್ದ. ಎಷ್ಟೋ ಮನೆಗಳಲ್ಲಿ ಈಗ ಈ ಶಾಸ್ತ್ರವನ್ನು ಬಿಟ್ಟಿದ್ದಾರೆ. ಹುಡುಗಿಯ ಅಜ್ಜಿ ಚಿಕ್ಕಸಿದ್ದಮ್ಮ ಬಿಡುವವಳಲ್ಲ. ಐದು ದಿನ ಹುಡುಗಿ ಅದರೊಳಗೇ ಇರಬೇಕು, ಗಂಡಸರ ಮುಖ ನೋಡಬಾರದು. ಅಪ್ಪನಾದರೂ ಅಷ್ಟೇ.

ಅಪ್ಪನಿಗೆ ಒಂದು ಫೋನು ಮಾಡಲು ಯಾರಿಗೂ ನೆನಪಾಗಿರಲಿಲ್ಲ. ನನಗೆ ರೇಗಿಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಗೌರೀಶ ನನ್ನ ಕೈ ಅದುಮಿದ.

"ಅತ್ತೆ, ಇದೊಂದು ಒಳಕ್ಕೆ ಕೊಡಿ. ಮಗೀಗೆ ಬೇಜಾರಾಯ್ತದೆ," ಎಂದು ಡಬ್ಬ ತೋರಿಸಿದ.

ಚಿಕ್ಕಸಿದ್ದಮ್ಮ ಡಬ್ಬವನ್ನೂ ಅವನನ್ನೂ ನೋಡಿದಳು. "ಒಳಕ್ಕೋದ್ದು ಈಚ್ಗೆ ಬರಾಂಗಿಲ್ಲ ಕಣಪ್ಪ. ಬಟ್ಟೆ ಬರೆ ಎಲ್ಲಾ ಅಗಸರೋಳ್ಗೆ ಓಯ್ತದೆ. ಗುಡ್ಲ ಸುಟ್ಬುಡ್ತೀವಿ. ಯೋಚ್ನೆ ಮಾಡು."

"ಓಗ್ಲಿ ಬುಡಿ ಅತ್ತೆ," ಎಂದ.

ಮನೆಯಲ್ಲಿ ನೆಂಟರಿದ್ದಾರೆಂದು ತಾನೇ ಸದ್ದು ಪೂರ್ತಿ ಕಡಿಮೆ ಮಾಡಿದ. ಜಗಲಿಯ ಪ್ಲಗ್ಗಿನಿಂದ ವೈರು ಎಳೆದ. ಡಬ್ಬವೂ ಒಂದು ಜಾಯ್‌ಸ್ಟಿಕ್ಕೂ ಒಳಗೆ ಹೋದವು, ಇನ್ನೊಂದರ ವೈರು ಗರಿಗಳ ಸಂದಿಯಿಂದ ಹೊರಗೆ ಬಂತು. ಗುಡ್ಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತ. ಪರದೆ ಒಳಗೆ, ಇವನು ಹೊರಗೆ.

"ಅಪ್ಪಾಜಿ, ಬಲಕ್ಕೆ," ಒಳಗಿನಿಂದ ಸಣ್ಣ ದನಿ ಬಂತು. "ಈಗ ನೇರ. ಎಡಕ್ಕೆ... ಅಯ್ಯೋ, ಗುದ್ದುದ್ರಿ."

ಗೌರೀಶ ನಕ್ಕ. ಹೆಂಗಸರೂ ನಕ್ಕರು. ಕಣ್ಣಿಗೆ ಏನೂ ಕಾಣದೆ ಬರೀ ಮಗಳ ಮಾತಿನ ಮೇಲೆ ಕಾರು ಓಡಿಸುತ್ತಿದ್ದ ಅವನನ್ನು ನೋಡಿ ನನಗೂ ನಗು ಬಂತು. ಸ್ವಲ್ಪ ಹೊತ್ತಿಗೆ ದನಿ ಕಡಿಮೆಯಾಯಿತು. "ನೀವು ಆಡ್ತಾ ಇರಿ ಅಪ್ಪಾಜಿ," ಎಂದಳು. ಆಮೇಲೆ ಮಾತಿಲ್ಲ. ಅವಳು ಜೋರಾಗಿ ಓಡಿಸುತ್ತಿರಬೇಕೆಂದು ಇವನು ಎಡಕ್ಕೂ ಬಲಕ್ಕೂ ತಿರುಗಿಸುತ್ತಲೇ ಇದ್ದ. ಮೈಯೆಲ್ಲ ಬೆವರು. ಇಪ್ಪತ್ತು ನಿಮಿಷವಾದರೂ ಆಗಿರಬೇಕು.

ಗುಡ್ಲಿನ ಆಚೆ ಬದಿಯಿಂದ ಚಿಕ್ಕಸಿದ್ದಮ್ಮ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಜಾಯ್‌ಸ್ಟಿಕ್ ಮೇಲೆ ಕೈಯಿಟ್ಟಳು.

"ಸಾಕು ಬುಡಪ್ಪ. ಅವ್ಳು ಆವಾಗ್ಲೇ ಆಫ್ ಮಾಡವ್ಳೆ."

"ಯಾಕೆ? ಉಷಾರಿಲ್ವಾ?"

"ಉಷಾರಾಗವ್ಳೆ. ಬೇಜಾರ್ ಮಾಡ್ಕಬ್ಯಾಡ. ಒಂದ್ ವರ್ಷದಿಂದ ಅವ್ಳಿಗೆ ಈ ಆಟ ಸಾಕಾಗೋಗೈತೆ. 'ಅಪ್ಪಾಜಿ ಅಷ್ಟು ದೂರದಿಂದ ಒತ್ಕೊಂಡು ಬತ್ತಾರೆ, ಬ್ಯಾಡ ಅಂದ್ರೆ ನೊಂದ್ಕತಾರೆ' ಅಂತ ಆಡ್ತಿದ್ಲು. ಇವತ್ತು ನೀನೇ ಹೇಳ್ಬುಡಜ್ಜಿ ಅಂದ್ಲು."

ಗೌರೀಶ ಜಾಯ್‌ಸ್ಟಿಕ್ಕಿನ ವೈರನ್ನು ಮೊಳಕೈಗೆ ಸುತ್ತಿ ಸುತ್ತಿ ನೀಟಾಗಿ ಮಡಿಸಿದ, ಮದುವೆ ಮುಗಿದ ಮೇಲೆ ಮೈಕಿನ ವೈರು ಸುತ್ತುವ ಹಾಗೆ. ಅದನ್ನು ಗರಿಗಳ ಸಂದಿಯಲ್ಲಿ ಒಳಕ್ಕೆ ತಳ್ಳಿದ. "ಮಗಾ, ಬತ್ತೀನಿ," ಎಂದ. "ಹೂಂ," ಎಂದಿತು ಒಳಗಿನ ದನಿ.

"ಬರ್ಬ್ಯಾಡ ಅಂದಿಲ್ಲ ಕಣಪ್ಪ," ಎಂದಳು ಚಿಕ್ಕಸಿದ್ದಮ್ಮ. "ಬಾ. ಸುಮ್ನೆ ಬಾ. ಮಾತಾಡ್ಕೊಂಡು ಕೂತ್ಕೊ."

ಕೋಟೆಯಲ್ಲಿ ಹುಣಸೂರಿನ ಬಸ್ಸು ಹತ್ತಿದೆವು. ಅವನು ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನಗೆ ಆ ಹುಡುಗಿಯ ಮೇಲೆ ಕೋಪ ಮಾಡಿಕೊಳ್ಳಬೇಕೆನಿಸಿತು, ಆಗಲಿಲ್ಲ. ಅದು ಮಾಡಿದ್ದರಲ್ಲಿ ತಪ್ಪು ಹುಡುಕಲು ಹೊರಟರೆ ನಮಗೇ ನಾಚಿಕೆಯಾಗಬೇಕು. ಹುಣಸೂರು ಇನ್ನೂ ದೂರವಿರುವಾಗ ಅವನು ನನ್ನ ಕಡೆ ತಿರುಗಿದ.

"ಲೋ, ನಿಂಗೆ ಇಬ್ರು ಹೆಣ್ಮಕ್ಳು ಅವ್ರಲ್ವಾ? ಅವ್ರತ್ರ ನೀನು ಏನು ಮಾತಾಡ್ತೀಯ?"

ನಾನು ಯೋಚಿಸಿದೆ. ಚಪ್ಪಲಿ ಎಲ್ಲಿ, ನಲ್ಲಿ ನೀರು ಬಂತಾ, ಬಾಚಣಿಗೆ ಯಾರು ತಗೊಂಡ್ರು, ಅಷ್ಟೇ. ಒಂದೇ ಮನೆಯಲ್ಲಿ ಇರುವವರು ಆಡುವ ಮಾತು ಅದು. ಅದನ್ನು ಅವನಿಗೆ ಹೇಗೆ ಹೇಳಲಿ? ಅವನು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದ.